ಲಿವಾದ ಮೂರು ಕೋಟೆ, ರುವೈಸಿನ ಒಂದು ಹೊಸ್ತಿಲು

ಮೊಹಮ್ಮದ್ ಬಿನ್ ಜಾಯೆದ್ ಸಿಟಿ

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ಎಮಿರೇಟ್ಸಿಗೆ ಬಂದಿದ್ದಾಳೆಂದರೆ ಆತಿಥ್ಯ ಮಾಡುವವರು ಅವಳಿಗೆ ಏನು ತೋರಿಸಬೇಕು? ಮಾಲ್ ತೋರಿಸಬೇಕು. ನನಗೂ ತೋರಿಸಿದರು. ಮೊದಲ ವಾರದಲ್ಲೇ ನಾಲ್ಕು ಮಾಲ್ ಆದವು. ಒಂದರೊಳಗೆ ಮೀನಿತ್ತು, ಇನ್ನೊಂದರೊಳಗೆ ಹಿಮವಿತ್ತು. ಹೊರಗೆ ಅಷ್ಟು ದೊಡ್ಡ ಸಮುದ್ರ ಇದೆಯಲ್ಲ, ಮೀನನ್ನು ಅಲ್ಲೇ ನೋಡಬಾರದೇ ಎಂದು ಕೇಳಿದ್ದಕ್ಕೆ ನನ್ನ ತಂಗಿ ಸುಧಾ, "ಅಕ್ಕ, ಸುಮ್ನೆ ನೋಡು, ಎಲ್ರೂ ನೋಡ್ತಾರೆ" ಎಂದಳು. ಹಳೆಯದೇನಾದರೂ ಬೇಕೆಂದು ನಾನು ಹಟ ಹಿಡಿದ ಮೇಲೆ ದುಬೈಯ ನೈಫ್ ಪೇಟೆಗೆ ಕರೆದುಕೊಂಡು ಹೋದರು. ಆ ಹಳೆಯ ಪೇಟೆಯಲ್ಲಿ ಮೈಸೂರಿನ ಶಿವರಾಂಪೇಟೆಯಲ್ಲಿ ಸಿಗುವಂಥದೇ ಪ್ಲಾಸ್ಟಿಕ್ ಬುಟ್ಟಿಗಳಿದ್ದವು. ಅಂಗಡಿಯವನು ಕಾಸರಗೋಡಿನವನು. ಚೌಕಾಸಿ ಕನ್ನಡದಲ್ಲೇ ನಡೆಯಿತು. ನಾಲ್ಕು ಗಂಟೆ ವಿಮಾನದಲ್ಲಿ ಕೂತು ಬಂದದ್ದು ಸಾರ್ಥಕವಾಯಿತು.

ಸುಧಾ ಮತ್ತು ಅವಳ ಗಂಡ ಗಿರೀಶ ಅಬುಧಾಬಿಯ ಹೊರಗಿರುವ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದರು. ಇದ್ದರು ಎಂದು ಭೂತಕಾಲದಲ್ಲಿ ಬರೆಯಲು ಕಾರಣವಿದೆ. ನಾನು ಹೋಗುವ ಹೊತ್ತಿಗೆ ಗಿರೀಶನ ಕಂಪನಿ ಅವನ ಹುದ್ದೆಯನ್ನೇ ತೆಗೆದುಹಾಕಿತ್ತು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರು ಹೋಗುತ್ತದೆ. ಮಗಳು ಅನಘಾಳ ಎಂಟನೇ ತರಗತಿ ಪರೀಕ್ಷೆ ಮುಗಿದೊಡನೆ ಮೂವರೂ ಮೈಸೂರಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಪೆಟ್ಟಿಗೆ ಕಟ್ಟಲು ನೆರವಿಗೆ ಬಾ ಎಂದು ನನ್ನನ್ನು ಕರೆಸಿಕೊಂಡರು. ನಾನು ಬಂದವಳು ಪೆಟ್ಟಿಗೆಯ ಮೇಲೆ ಕೂತು, ಯಾವಾಗ ಕೋಟೆ ತೋರಿಸುತ್ತೀರಿ ಎಂದು ಕೇಳುತ್ತಿದ್ದೆ.

ಅನಘಾಳದ್ದು ಒಂದೇ ಬೇಡಿಕೆ. ಅವಳು ಹುಟ್ಟಿದ್ದು ಪಶ್ಚಿಮಕ್ಕೆ ಮೂರು ಗಂಟೆ ದೂರದ ರುವೈಸ್‌ನಲ್ಲಿ. ಅದು ತೈಲ ಶುದ್ಧೀಕರಣದ ಊರು. ಗಿರೀಶ ಅಲ್ಲಿ ಎಂಜಿನಿಯರಾಗಿದ್ದಾಗ ಕಂಪನಿ ಕೊಟ್ಟ ಮನೆಯಲ್ಲಿ ಎಂಟು ವರ್ಷ ತುಂಬುವವರೆಗೆ ಅವಳು ಬೆಳೆದಳು. ಹೊರಡುವ ಮೊದಲು ಆ ಮನೆ ನೋಡಬೇಕು.

"I just want to see my room. ಅಷ್ಟೇ," ಎಂದಳು. ಆ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಕೊನೆಗೆ ಒಂದು ಕನ್ನಡ ಪದವನ್ನು ಪ್ರಸಾದದ ಹಾಗೆ ಇಡುತ್ತಿತ್ತು.

"ನಿನ್ನ ರೂಮು ಮೈಸೂರಲ್ಲಿ ರೆಡಿಯಾಗ್ತಿದೆ. ಯಾರಾದ್ರೂ ನಿಮ್ಮೂರು ಯಾವುದು ಅಂತ ಕೇಳಿದ್ರೆ ಕೆ.ಆರ್. ನಗರ ಅನ್ನು. ನಿನ್ನ ತಾತ ಮುತ್ತಾತ ಎಲ್ಲಾ ಅಲ್ಲಿಯವರು," ಎಂದೆ ನಾನು. ಆ ವಾರದಲ್ಲಿ ಅದನ್ನು ಹೇಳಿದ್ದು ಹತ್ತನೇ ಸಲವಿರಬೇಕು. ಅವಳು ಕೆ.ಆರ್. ನಗರದಲ್ಲಿ ಒಟ್ಟು ಕಳೆದದ್ದು ಎರಡು ಮದುವೆ ಮತ್ತು ಒಂದು ತಿಥಿಯ ಕಾಲ.

ಗಿರೀಶ ಒಂದು ಶನಿವಾರ ಗೊತ್ತುಮಾಡಿದ. ಹಳೆಯ ಮನೆಯಲ್ಲಿ ಈಗ ಒಂದು ಮಲಯಾಳಿ ಸಂಸಾರವಿದೆ. ಕೆಳಗಿನ ಮನೆಯ ಹಳೆಯ ನೆರೆಯವರಾದ ಫೆಲಿಕ್ಸ್ ಆ ಸಂಸಾರಕ್ಕೆ ಹೇಳಿಟ್ಟಿದ್ದರು. ಆದರೆ ಆ ಮಲಯಾಳಿಗಳು ಅದೇ ದಿನ ರಜೆಗೆ ಹೊರಡುವವರಿದ್ದರು. ಸಂಜೆ ಐದರವರೆಗೆ ಕಾಯುತ್ತಾರೆ, ಆಮೇಲೆ ಬೀಗ.

"ಐದು ಗಂಟೆ ಅಂದ್ರೆ ಬೇಕಾದಷ್ಟು ಟೈಮಿದೆ. ದಾರಿಯಲ್ಲೇ ಲಿವಾದ ಕೋಟೆಗಳನ್ನೂ ನೋಡ್ಕೊಂಡು ಹೋಗೋಣ," ಎಂದು ನಾನು ನಕ್ಷೆ ಬಿಚ್ಚಿದೆ. ಲಿವಾ ದಾರಿಯಲ್ಲಿರಲಿಲ್ಲ. ಆದರೆ ಮರಳುಗಾಡಿನ ನಕ್ಷೆಯಲ್ಲಿ ಎಲ್ಲವೂ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ.

ಮದೀನತ್ ಜಾಯೆದ್

ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ನಿಶ್ಚಯಿಸಿದ್ದೆವು. ಆದ್ದರಿಂದ ಒಂಬತ್ತೂವರೆಗೆ ಹೊರಟೆವು. ಚಿತ್ರಾನ್ನ, ಮೊಸರನ್ನ, ಕೋಡುಬಳೆ, ಎರಡು ಫ್ಲಾಸ್ಕು ಕಾಫಿ, ಒಂದು ಚಾಪೆ. ಈ ದೇಶದಲ್ಲಿ ಇಪ್ಪತ್ತು ನಿಮಿಷಕ್ಕೊಂದು ಪೆಟ್ರೋಲ್ ಬಂಕು, ಬಂಕಿಗೊಂದು ಹೋಟೆಲು. ಆದರೂ ಸುಧಾ ಅಷ್ಟು ಕಟ್ಟಿಕೊಂಡಿದ್ದಳು.

ರಸ್ತೆ ನೇರವಾಗಿತ್ತು. ಅಷ್ಟು ನೇರವಾದ ರಸ್ತೆಯ ಬಗ್ಗೆ ಬರೆಯಲು ಏನೂ ಇರುವುದಿಲ್ಲ. ಹಂಪಿಲ್ಲ, ಹಳ್ಳವಿಲ್ಲ, ಮಧ್ಯೆ ಮಲಗಿದ ಎಮ್ಮೆಯಿಲ್ಲ. ಎರಡೂ ಕಡೆ ಬೇಲಿ, ಬೇಲಿಯಾಚೆ ಒಂಟೆ. ಒಂಟೆಗಳು ರಸ್ತೆಗೆ ಬರದಂತೆ ನೂರಾರು ಕಿಲೋಮೀಟರು ಬೇಲಿ ಹಾಕಿದ್ದಾರೆ. ನಮ್ಮಲ್ಲಿ ರಸ್ತೆಯನ್ನೇ ದನಗಳಿಗೆ ಬಿಟ್ಟುಕೊಟ್ಟು ಆ ಖರ್ಚು ಉಳಿಸಿದ್ದೇವೆ.

"ಇದು ಯಾವ ತಾಲ್ಲೂಕು?" ಎಂದು ಕೇಳಿದೆ.

ಗಿರೀಶ ನಕ್ಕ. ಅನಘಾ ಫೋನಿನಿಂದ ತಲೆ ಎತ್ತದೆ, "There are no taluks here, ದೊಡ್ಡಮ್ಮ. This whole region is Al Dhafra," ಎಂದಳು.

"ತಾಲ್ಲೂಕಿಲ್ಲದೆ ಜನ ಪಹಣಿ ಎಲ್ಲಿ ತೆಗೆಸ್ತಾರೆ?"

ಗಿರೀಶ ರೇಡಿಯೊ ಹಚ್ಚಿದ.

ಮದೀನತ್ ಜಾಯೆದ್ ಎಂಬ ಊರಿನಲ್ಲಿ ಚಹಾಕ್ಕೆ ನಿಂತೆವು. ಇಲ್ಲಿ ಒಂಟೆಗಳಿಗೆ ಸೌಂದರ್ಯ ಸ್ಪರ್ಧೆ ನಡೆಯುತ್ತದಂತೆ. ತುಟಿ ಹೇಗಿದೆ, ಕತ್ತು ಎಷ್ಟುದ್ದ, ರೆಪ್ಪೆ ಹೇಗೆ ಬಾಗಿದೆ ಎಂದೆಲ್ಲ ನೋಡಿ ಬಹುಮಾನ ಕೊಡುತ್ತಾರೆಂದು ಚಹಾ ಕೊಟ್ಟವನು ವಿವರಿಸಿದ. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ನೆನಪಾದರು. ಅವರು ಬಹುಮಾನವನ್ನೂ ನಮ್ಮಿಂದಲೇ ಕೇಳಿದ್ದರು.

ಕಾರಿಗೆ ಮರಳುವಾಗ ಅನಘಾ ಗಂಟೆ ನೋಡಿದಳು. ಆ ದಿನ ಅವಳು ಎಷ್ಟು ಸಲ ಗಂಟೆ ನೋಡಿದಳೆಂಬುದು ನನಗೆ ಈಗ ಲೆಕ್ಕಕ್ಕೆ ಬರುತ್ತದೆ. ಆಗ ಬರಲಿಲ್ಲ.

ಲಿವಾ

ಲಿವಾ ಎಂದರೆ ಮರಳಿನ ಸಾಗರದ ಅಂಚಿಗೆ ಸಾಲಾಗಿ ಹಬ್ಬಿದ ಖರ್ಜೂರದ ತೋಟಗಳು. ಆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಟೆ. ಕೋಟೆ ಎಂಬ ಮಾತು ಕೇಳಿದಾಗ ನನ್ನ ತಲೆಯಲ್ಲಿ ಚಿತ್ರದುರ್ಗವಿತ್ತು. ಎದುರಿಗೆ ಸಿಕ್ಕಿದ್ದು ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಗಿಂತ ತುಸು ದೊಡ್ಡದು. ಮೂಲೆಗೊಂದು ದುಂಡು ಬುರುಜು, ಮಧ್ಯೆ ಅಂಗಳ, ಖರ್ಜೂರದ ಬೊಡ್ಡೆಯ ಸೂರು. ಎಲ್ಲವನ್ನೂ ಎಷ್ಟು ಚೊಕ್ಕಟವಾಗಿ ದುರಸ್ತಿ ಮಾಡಿದ್ದರೆಂದರೆ ಗೃಹಪ್ರವೇಶಕ್ಕೆ ಬಂದವರಂತೆ ನಾವು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತೆವು.

ಒಳಗೆ ಕೋಣೆಗಳು ಖಾಲಿ. ಗೋಡೆಗಳು ಅದಕ್ಕಿಂತ ಖಾಲಿ. ನಾನು ಒಂದೊಂದು ಗೋಡೆಯನ್ನೂ ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ಗೀರಿಲ್ಲ. ಬಾಣ ಚುಚ್ಚಿದ ಒಂದು ಹೃದಯವಿಲ್ಲ. ಯಾವ ರಾಜುವೂ ಯಾವ ಮಂಜುಳೆಯನ್ನೂ ಪ್ರೀತಿಸಿದ ದಾಖಲೆಯಿಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಗೋಡೆ ಹುಡುಕಬೇಕಾದರೆ ಮೊದಲು ರಾಜುಗಳನ್ನು ಪಕ್ಕಕ್ಕೆ ಸರಿಸಬೇಕು.

"ಯಾರೂ ಒಂದು ಗುರುತೂ ಬಿಟ್ಟಿಲ್ಲ ಅಂದ್ರೆ ಇಲ್ಲಿ ಜನ ಇದ್ರು ಅಂತ ನಂಬೋದು ಹೇಗೆ? ಇತಿಹಾಸ ಅಂದ್ರೆ ಗುರುತು," ಎಂದು ನಾನು ಅಂಗಳದಲ್ಲಿ ನಿಂತು ಪಾಠ ಶುರುಮಾಡಿದೆ. ವಿದ್ಯಾರ್ಥಿಗಳು ಮೂವರು. ಒಬ್ಬಳು ಫೋಟೋ ತೆಗೆಯುತ್ತಿದ್ದಳು, ಒಬ್ಬ ಆಕಳಿಸುತ್ತಿದ್ದ, ಒಬ್ಬಳು ಗಂಟೆ ನೋಡುತ್ತಿದ್ದಳು. ನನ್ನ ತರಗತಿಗಳ ಸಾಮಾನ್ಯ ಹಾಜರಾತಿ ಇದೇ.

ಎರಡನೆಯ ಕೋಟೆಯೂ ಮೊದಲನೆಯದರಂತೆಯೇ ಇತ್ತು. ಅದರ ನೆರಳಿನಲ್ಲಿ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ಒಂದೂಮುಕ್ಕಾಲು.

"Can we go now? ಪ್ಲೀಸ್," ಎಂದಳು ಅನಘಾ.

"ಇನ್ನೊಂದೇ ಒಂದು ಕೋಟೆ ಕಣೇ. ಇಷ್ಟು ದೂರ ಬಂದಿದ್ದೀವಿ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದ. ಹೆಂಡತಿಯ ಅಕ್ಕನಿಗೆ, ಅದರಲ್ಲೂ ನಿವೃತ್ತ ಮೇಡಂಗೆ, ಆಗಲ್ಲ ಎಂದು ಹೇಳುವ ಅಳಿಯಂದಿರನ್ನು ನಮ್ಮ ಕಡೆ ಇನ್ನೂ ತಯಾರಿಸಿಲ್ಲ. ಕಾರು ಮೂರನೆಯ ಕೋಟೆಯತ್ತ ತಿರುಗಿತು.

ಮೂರನೆಯ ಕೋಟೆಯ ಹಿಂಭಾಗ

ಅದು ಬೀಗ ಹಾಕಿತ್ತು. ಅಲ್ಲಿಂದಲೇ ಹಿಂತಿರುಗಿದ್ದರೆ ಈ ಅಧ್ಯಾಯ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಒಳಗೆ ಹೋಗಲಾಗದಿದ್ದರೆ ಹೊರಗಿನಿಂದಲಾದರೂ ಒಂದು ಸುತ್ತು ಹಾಕಿ ನೋಡೋಣ ಎಂದೆ. ಕೋಟೆಯ ಬಲಮಗ್ಗುಲಿನಿಂದ ಹಿಂದಕ್ಕೆ ಗಟ್ಟಿಮಣ್ಣಿನ ದಾರಿಯೊಂದಿತ್ತು. ಆ ದಾರಿ ಹಿಡಿದರೆ ಕೋಟೆ ನಮ್ಮ ಎಡಕ್ಕೆ ಬರುತ್ತಿತ್ತು. ಗಿರೀಶ ಆ ಕಡೆಗೇ ಚಕ್ರ ತಿರುಗಿಸಿದ.

"ರೀ, ನಿಲ್ಲಿಸಿ! ಅಪ್ರದಕ್ಷಿಣೆ ಆಗತ್ತೆ," ಎಂದಳು ಸುಧಾ.

"ಅದು ಕೋಟೆ ಕಣೇ, ದೇವಸ್ಥಾನ ಅಲ್ಲ."

"ಏನೇ ಆಗಿರ್ಲಿ. ಕೆಲಸ ಹೋಗಿದೆ, ವೀಸಾ ಹೋಗಿದೆ, ಮಗೂನ ಹೊಸ ಸ್ಕೂಲಿಗೆ ಸೇರಿಸ್ಬೇಕು. ಇಂಥ ಟೈಮಲ್ಲಿ ನಾನು ಯಾವುದನ್ನೂ ಉಲ್ಟಾ ಸುತ್ತೋದಿಲ್ಲ. ಬಲಕ್ಕೆ ಬಿಟ್ಕೊಂಡು ಹೋಗಿ."

ವಿಚಾರವಾದಿಯಾದ ನಾನು ಇಲ್ಲಿ ಬಾಯಿ ತೆರೆಯಬೇಕಿತ್ತು. ತೆರೆದೆ. "ಹೋಗ್ಲಿ ಬಿಡಪ್ಪ, ಅವಳ ಮನಸ್ಸಿಗೂ ಸಮಾಧಾನ," ಎಂದೆ.

ಪ್ರದಕ್ಷಿಣೆಯ ದಿಕ್ಕಿನಲ್ಲಿ ದಾರಿಯಿರಲಿಲ್ಲ, ಮರಳಿತ್ತು. "ಅಕ್ಕ, ಇದು ಫೋರ್ ವೀಲ್ ಡ್ರೈವ್. ಗೋಡೆ ಹತ್ತುತ್ತೆ," ಎಂದು ಗಿರೀಶ ಧೈರ್ಯ ಹೇಳಿದ. ಆ ಕಾರು ಅದುವರೆಗೆ ಹತ್ತಿದ್ದು ಮಾಲ್‌ಗಳ ಪಾರ್ಕಿಂಗ್ ಮಾತ್ರ. ಕೋಟೆಯ ಹಿಂದಿನ ಮೂಲೆಯಲ್ಲಿ ಅದು ಒಮ್ಮೆ ನಿಟ್ಟುಸಿರು ಬಿಟ್ಟು, ಹೊಟ್ಟೆಯವರೆಗೆ ಕೂತುಬಿಟ್ಟಿತು. ಗಿರೀಶ ಇನ್ನಷ್ಟು ವೇಗ ಕೊಟ್ಟ. ಚಕ್ರಗಳು ಬಾವಿ ತೋಡಿದವು. ಸುಧಾ ಚಾಪೆಯನ್ನು ಚಕ್ರದಡಿ ಹಾಕಿದಳು. ಚಾಪೆ ಹಿಂದಕ್ಕೆ ಹಾರಿ ನನ್ನ ಕಾಲ ಬಳಿ ಬಿತ್ತು.

ಅನಘಾ ಕಾರಿಳಿದು ಬೇರೆ ನಿಂತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಮ್ಮನೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರ್ಧ ಗಂಟೆಯ ಮೇಲೆ ಹುಲ್ಲಿನ ಪಿಂಡಿಗಳನ್ನು ಹೇರಿಕೊಂಡ ಒಂದು ಪಿಕಪ್ ಬಂತು. ಇಳಿದವರು ಬಿಳಿಗಡ್ಡದ ಅರಬ್ಬೀ ಯಜಮಾನರು. ಕಾರನ್ನೂ ಕೋಟೆಯನ್ನೂ ನಮ್ಮನ್ನೂ ಒಂದೊಂದಾಗಿ ನೋಡಿದರು. "ರೋಡ್ ಉಧರ್ ಹೈ," ಎಂದು ಗಟ್ಟಿದಾರಿಯನ್ನು ತೋರಿಸಿದರು. "ಇಧರ್ ಕ್ಯೋಂ?"

ಪ್ರದಕ್ಷಿಣೆಯನ್ನು ಹಿಂದಿಯಲ್ಲಿ ವಿವರಿಸಲು ಹೋಗಿ ಗಿರೀಶ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. ಯಜಮಾನರು ಬಗ್ಗಿ, ಬೀಗದ ಕೈಯಿಂದ ಒತ್ತಿ ನಾಲ್ಕೂ ಟೈರಿನ ಗಾಳಿ ಬಿಟ್ಟರು. ಗಾಳಿ ತುಂಬಿಸುವುದನ್ನಷ್ಟೇ ಬಲ್ಲ ಗಿರೀಶ ಸಂಕಟದಿಂದ ನೋಡುತ್ತ ನಿಂತ. ಹಗ್ಗ ಕಟ್ಟಿ ಎಳೆದದ್ದೇ ತಡ, ಕಾರು ಹಸುವಿನ ಹಾಗೆ ಎದ್ದು ಬಂತು.

"ಖಲಾಸ್," ಎಂದರು ಯಜಮಾನರು. ಆಮೇಲೆ ಪಿಕಪ್‌ನಿಂದ ಫ್ಲಾಸ್ಕು ತೆಗೆದು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಕುಡಿದೆ. ಮತ್ತೆ ತುಂಬಿದರು. ಮತ್ತೆ ಕುಡಿದೆ. ನಾಲ್ಕನೆಯ ಬಟ್ಟಲಿಗೆ ಕಾರಿನ ಕಿಟಕಿಯಿಂದ ಅನಘಾಳ ದನಿ ಬಂತು: "Shake the cup, ದೊಡ್ಡಮ್ಮ! ಅಲ್ಲಾಡಿಸಿ! ಇಲ್ಲಾಂದ್ರೆ they'll never stop!" ಬಟ್ಟಲು ಅಲ್ಲಾಡಿಸಿದೆ. ಸಾಕು ಎನ್ನಲು ಅಷ್ಟೇ ಸಾಕಾಗಿತ್ತು.

ಆ ದನಿ ಕೇಳಿ ಯಜಮಾನರು ಕಿಟಕಿಯತ್ತ ತಿರುಗಿದರು. "ಮಿನ್ ವೇನ್?" ಎಂದು ಕೇಳಿದರು. ಯಾವ ಊರಿನವಳು ಎಂದು ಅರ್ಥ. ನಾನು ಕೆ.ಆರ್. ನಗರ ಎಂದು ಹೇಳಬೇಕೆನ್ನುವಷ್ಟರಲ್ಲಿ ಅನಘಾ ಅರಬ್ಬಿಯಲ್ಲಿ ಉತ್ತರ ಕೊಟ್ಟಿದ್ದಳು. ಶಾಲೆಯಲ್ಲಿ ಕಲಿತ ಅರಬ್ಬಿ. ಅವಳು ಅಷ್ಟು ಮಾತಾಡಿದ್ದನ್ನು ನಾನು ಆ ವಾರದಲ್ಲಿ ಕೇಳಿದ್ದು ಅದೇ ಮೊದಲು. ಮಾತಿನ ನಡುವೆ ರುವೈಸ್ ಎಂಬುದೊಂದು ನನಗೆ ತಿಳಿಯಿತು. ಯಜಮಾನರು ಮುಖವರಳಿಸಿ, "ಬಿಂತ್ ಅಲ್ ಧಫ್ರಾ!" ಎಂದು ಎದೆಯ ಮೇಲೆ ಕೈಯಿಟ್ಟರು.

"ಏನಂದ್ರು?" ಎಂದೆ, ಕಾರು ಹೊರಟ ಮೇಲೆ.

"Daughter of Dhafra." ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "He said I'm from here. ನಿಮ್ಮೂರು ಯಾವುದು ಅಂತ ಕೇಳಿದ್ರು, ನಾನು ಹೇಳ್ದೆ. He didn't correct me."

ನಾನು ನಕ್ಷೆ ಮಡಿಚಿ ಚೀಲಕ್ಕೆ ಹಾಕಿದೆ.

ರುವೈಸ್

ಮೆತ್ತಗಿನ ಟೈರಿನಲ್ಲಿ ಬಂಕಿನವರೆಗೆ ನಿಧಾನವಾಗಿ ಹೋಗಿ ಗಾಳಿ ತುಂಬಿಸಿದೆವು. ಅಲ್ಲಿಂದ ಗಿರೀಶ ಎಷ್ಟು ಓಡಿಸಬಹುದೋ ಅಷ್ಟು ಓಡಿಸಿದ. ಸುಧಾ ಸ್ತೋತ್ರ ಹೇಳುತ್ತಿದ್ದಳು. ಪೂರ್ತಿ ಪ್ರದಕ್ಷಿಣೆಯೂ ಆಗದೆ ಅರ್ಧಕ್ಕೇ ನಿಂತದ್ದು ಅವಳನ್ನು ಕಾಡುತ್ತಿತ್ತು.

ರುವೈಸ್ ಮುಟ್ಟಿದಾಗ ಐದೂ ನಲವತ್ತು. ದೂರದಲ್ಲಿ ಶುದ್ಧೀಕರಣದ ಚಿಮಣಿಗಳು, ಹತ್ತಿರದಲ್ಲಿ ಒಂದೇ ಅಚ್ಚಿನ ಮನೆಗಳ ಸಾಲು. ಫೆಲಿಕ್ಸ್ ಮತ್ತು ಅವರ ಹೆಂಡತಿ ಹಿಲ್ಡಾ ಕೆಳಗೇ ಕಾಯುತ್ತಿದ್ದರು. ಇಬ್ಬರೂ ನಮ್ಮ ಕರಾವಳಿಯ ಶಿರ್ವದ ಕಡೆಯವರು. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದಾರೆ.

"ಎಂತ ಮಾರಾಯ್ರೇ ನೀವು! ಪಾಪ, ಅವರು ಐದೂ ಕಾಲಿನವರೆಗೂ ಕಾದ್ರು. ಫ್ಲೈಟ್ ಉಂಟಲ್ಲ, ಎಷ್ಟು ನಿಲ್ಲುದು? ಬೀಗ ಹಾಕಿ ಹೋದ್ರು," ಎಂದರು ಫೆಲಿಕ್ಸ್.

ಇಪ್ಪತ್ತೈದು ನಿಮಿಷ. ಬೀಗ ಹಾಕಿದ್ದ ಆ ಮೂರನೆಯ ಕೋಟೆಗೆ ನಾನು ಹಟ ಮಾಡಿರದಿದ್ದರೆ ಅವಳು ಈ ಹೊತ್ತಿಗೆ ಒಳಗಿರುತ್ತಿದ್ದಳು. ಯಾರದೋ ಗೋಡೆಗಳನ್ನು ನೋಡುವ ಆಸೆಗೆ ಒಂದು ಮಗುವಿನ ಗೋಡೆಗಳನ್ನು ತಪ್ಪಿಸಿದ್ದೆ. ನನಗೆ ನಾಚಿಕೆಯಾಯಿತು. ಈ ಬರಹದಲ್ಲಿ ಕುಹಕವಿಲ್ಲದ ವಾಕ್ಯ ಇದೊಂದು.

"ಕ್ಷಮಿಸು ಮರಿ. ನನ್ನಿಂದ ಆಯ್ತು," ಎಂದೆ.

"It's okay," ಎಂದಳು. ಆ ಎರಡು ಪದಗಳ ಹಿಂದೆ ಪ್ರಸಾದದ ಕನ್ನಡ ಪದ ಬರಲಿಲ್ಲ.

ಹಿಲ್ಡಾ ಅವಳ ಕೈ ಹಿಡಿದರು. "ಬಾ ಬಾ, ಮೇಲೆ ಹೋಗುವ. ಒಳಗೆ ಹೋಗ್ಲಿಕ್ಕಾಗುದಿಲ್ಲ, ಬಾಗಿಲಾದ್ರೂ ನೋಡು. ಒಂದು ವಸ್ತು ಉಂಟು ಅಲ್ಲಿ. ನಿನ್ನ ಅಮ್ಮನಿಗೆ ನೆನಪುಂಟಾ ಇಲ್ವಾ ನೋಡುವ."

ಎರಡು ಮಹಡಿ ಹತ್ತಿದೆವು. ಬಾಗಿಲು ಹೊಸದು, ಗೋಡೆಯ ಬಣ್ಣ ಹೊಸದು. ಹೊಸ್ತಿಲಿನ ಮುಂದಿನ ನೆಲದ ಮೇಲೆ ಮಾತ್ರ ಹಳೆಯದೊಂದು ಉಳಿದಿತ್ತು. ಎನಾಮಲ್ ಬಣ್ಣದಲ್ಲಿ ಬರೆದ ರಂಗೋಲಿ, ಬಿಳಿ ಗೆರೆ, ಕೆಂಪು ಅಂಚು. ಪ್ರತಿ ಬೆಳಿಗ್ಗೆ ಪುಡಿಯ ರಂಗೋಲಿ ಹಾಕಿದರೆ ಗುಡಿಸುವವನು ಬಂದು ಗುಡಿಸಿಬಿಡುತ್ತಾನೆಂದು ಸುಧಾ ಒಂದು ಯುಗಾದಿಗೆ ಬಣ್ಣದಲ್ಲೇ ಬರೆದಿದ್ದಳಂತೆ. ಆ ರಂಗೋಲಿಯ ಸರಿಯಾಗಿ ನಡುವೆ, ಎಸಳುಗಳನ್ನೆಲ್ಲ ಕಲಸಿಹಾಕಿ, ಒಂದು ಪುಟ್ಟ ಪಾದದ ಗುರುತು. ಐದು ಬೆರಳೂ ಎಣಿಸಬಹುದಿತ್ತು.

"ಅಯ್ಯೋ, ಅವತ್ತು ಹೊಡೆದಿದ್ದೆ ಕಣೇ ನಿನಗೆ," ಎಂದು ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು. "ಬಣ್ಣ ಒಣಗೋ ಮುಂಚೆ ಓಡಿ ಬಂದ್ಬಿಟ್ಟಿದ್ಲು. ಐದು ವರ್ಷ ಇವಳಿಗೆ."

"ಪೈಂಟಿನವರು ಬಂದಾಗ ನಾನು ಹೇಳಿದ್ದು," ಎಂದರು ಹಿಲ್ಡಾ. "ಗೋಡೆ ಎಂತ ಬೇಕಾದ್ರೂ ಮಾಡಿ, ಇದನ್ನು ಮುಟ್ಟುದು ಬೇಡ, ಅದು ನಮ್ಮ ಮಗುವಿನ ಕಾಲು ಅಂತ. ಮತ್ತೆ ಬಂದ ಮಲಯಾಳಿಯವರೂ ಮುಟ್ಲಿಲ್ಲ. ಅದರ ಬದಿಯಿಂದಲೇ ದಾಟಿ ಹೋಗ್ತಾರೆ."

ಅನಘಾ ಶೂ ಬಿಚ್ಚಿದಳು, ಸಾಕ್ಸ್ ಬಿಚ್ಚಿದಳು. ತನ್ನ ಹದಿಮೂರು ವರ್ಷದ ಪಾದವನ್ನು ಆ ಗುರುತಿನ ಪಕ್ಕದಲ್ಲಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಬೆಳಗಿನಿಂದ ನೋಡಿದ್ದರಲ್ಲಿ ದುರಸ್ತಿಯಾಗದೆ ಉಳಿದದ್ದು ಇದೊಂದೇ.

"Will they restore this also, ದೊಡ್ಡಮ್ಮ?" ಎಂದು ಕೇಳಿದಳು.

ಫೆಲಿಕ್ಸ್ ಹಿಂದಿನಿಂದ, "ಎನಾಮಲ್ ಮಾರಾಯ್ತಿ, ಅಷ್ಟು ಬೇಗ ಹೋಗುದಿಲ್ಲ. ನಾವು ಇರುವಷ್ಟು ದಿನ ನೋಡಿಕೊಳ್ತೇವೆ. ಯಲ್ಲಾ, ಕೆಳಗೆ ಬನ್ನಿ, ಚಾ ಆರ್ತದೆ," ಎಂದರು.

ಚಹಾ ಕುಡಿದೆವು. ಹಿಲ್ಡಾ ಮತ್ತೆ ಮತ್ತೆ ಬಗ್ಗಿಸಿದರು. ಅಲ್ಲಾಡಿಸಿದರೆ ನಿಲ್ಲಿಸುವ ಪದ್ಧತಿ ಶಿರ್ವದವರಿಗಿಲ್ಲ.

ಮೈಸೂರು

ಮೇ ತಿಂಗಳಲ್ಲಿ ಅನಘಾಳನ್ನು ನಾನೇ ಶಾಲೆಗೆ ಸೇರಿಸಲು ಕರೆದುಕೊಂಡು ಹೋದೆ. ನಾನು ಪಾಠ ಮಾಡಿದ ಶಾಲೆಯೇ. ಕಚೇರಿಯ ಗುಮಾಸ್ತರು ಅರ್ಜಿ ನಮೂನೆ ಕೊಟ್ಟರು. ಹೆಸರು, ತಂದೆಯ ಹೆಸರು, ಮಾತೃಭಾಷೆ ಎಲ್ಲ ಸರಾಗವಾಗಿ ತುಂಬಿದೆ. ಮುಂದಿನ ಸಾಲು: ಸ್ವಂತ ಊರು.

ಅನಘಾ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಕೆ.ಆರ್. ನಗರ ಎಂದು ಬರೆಯುತ್ತೇನೆಂದು ಅವಳಿಗೆ ಗೊತ್ತಿತ್ತು. ಹೇಳಿಕೊಟ್ಟವಳು ನಾನೇ. ನಾನು ರುವೈಸ್ ಎಂದು ಬರೆದು ಹಾಳೆಯನ್ನು ಮುಂದಕ್ಕೆ ತಳ್ಳಿದೆ.

ಗುಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. "ರುವೈಸ್... ಯಾವ ತಾಲ್ಲೂಕು ಮೇಡಂ? ತಾಲ್ಲೂಕು ಹಾಕ್ದೆ ತಗೊಳೋ ಹಾಗಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಉತ್ತರ ಬಂತು. ಅಚ್ಚ ಕನ್ನಡದಲ್ಲಿ, ಒಂದೂ ಇಂಗ್ಲಿಷ್ ಪದವಿಲ್ಲದೆ.

"ಧಫ್ರಾ ತಾಲ್ಲೂಕು."

ಗುಮಾಸ್ತರು ತಲೆಯಾಡಿಸಿ ಹಾಗೆಯೇ ಬರೆದುಕೊಂಡರು.